ಪಾರ್ಟಿಷನ್ ಮಾಡಿದರೆ ಲ್ಯಾಪ್‌ಟಾಪ್ ಚುರುಕಾಗುತ್ತದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯದವು: ಡಿಸ್ಕನ್ನು ಭಾಗ ಮಾಡುವುದು (ಪಾರ್ಟಿಷನ್) ಹೇಗೆ, ನಿಧಾನವಾದ ಯಂತ್ರಕ್ಕೆ ಏನು ಮದ್ದು. ಮೊದಲನೆಯದೇ ಎರಡನೆಯದಕ್ಕೆ ಮದ್ದು ಎಂದು ನಂಬಿದವರೂ ಇದ್ದಾರೆ. ಹಾಗಾಗಿ ಅಂಥದೊಂದು ಪತ್ರದಿಂದಲೇ ಶುರು ಮಾಡೋಣ.

ಪ್ರಶ್ನೆ: ಸರ್, ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. ಬಿಲ್ಲಿನಲ್ಲಿ 512 ಜಿಬಿ ಎಸ್‌ಎಸ್‌ಡಿ ಎಂದಿದೆ. ತೆರೆದು ನೋಡಿದರೆ ಸಿ ಡ್ರೈವ್ ಒಂದೇ ಇದೆ, ಅದೂ 475 ಜಿಬಿ. ಉಳಿದದ್ದು ಎಲ್ಲಿ ಹೋಯಿತು? ಎರಡು ಪಾರ್ಟಿಷನ್ ಮಾಡಿದರೆ ಸ್ಪೀಡ್ ಜಾಸ್ತಿಯಾಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ನಾನೇ ಮಾಡಿಕೊಳ್ಳಬಹುದೇ?
— ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಜಾಗ ಎಲ್ಲಿಗೂ ಹೋಗಿಲ್ಲ. ಡಿಸ್ಕ್ ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ, ಅಂದರೆ ಸುಮಾರು 107 ಕೋಟಿ ಬೈಟಿಗೆ ಒಂದು ಜಿಬಿ ಎನ್ನುತ್ತದೆ. ಆದ್ದರಿಂದ 512 ಜಿಬಿ ಎಂದು ಮಾರುವ ಡಿಸ್ಕ್ ತೆರೆಯ ಮೇಲೆ ಸುಮಾರು 476 ಆಗುತ್ತದೆ, 256 ಜಿಬಿಯದು 238 ಆಗುತ್ತದೆ, ಒಂದು ಟಿಬಿಯದು 931. ಇದರಲ್ಲೇ ಚೂರುಪಾರು ಜಾಗ ಕಣ್ಣಿಗೆ ಕಾಣದ ಸಣ್ಣ ಪಾರ್ಟಿಷನ್‌ಗಳಿಗೂ ಹೋಗುತ್ತದೆ.

ಇನ್ನು ಸ್ಪೀಡ್. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಲ್ಲೇ ಬರೆದಿಡುವ ಡಿಸ್ಕ್. ಎಸ್‌ಎಸ್‌ಡಿಯನ್ನು ಎಷ್ಟು ಭಾಗ ಮಾಡಿದರೂ ಅದರ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯ ಹೊರ ಅಂಚು ಒಳ ಅಂಚಿಗಿಂತ ವೇಗವಾಗಿ ಓದುತ್ತದೆ. ಡಿಸ್ಕಿನ ಆರಂಭದಲ್ಲಿರುವ ಸಿ ಡ್ರೈವಿಗೆ ಆಗ ಕೊಂಚ ಲಾಭವಿತ್ತು. ಅಂಗಡಿಯವರ ಮಾತಿನ ಮೂಲ ಅಲ್ಲಿರಬೇಕು. ಪಾರ್ಟಿಷನ್‌ನ ನಿಜವಾದ ಉಪಯೋಗವೇ ಬೇರೆ: ನಾಳೆ ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೆ ಸಿ ಅನ್ನು ಮಾತ್ರ ಅಳಿಸಿ, ಡಿಯಲ್ಲಿರುವ ನೋಟ್ಸು, ಫೋಟೊಗಳನ್ನು ಮುಟ್ಟದೆ ಬಿಡಬಹುದು. ಇದು ಬ್ಯಾಕಪ್ ಅಲ್ಲ ಎಂಬುದು ನೆನಪಿರಲಿ. ಡಿಸ್ಕೇ ಸತ್ತರೆ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ.

ಮಾಡಬೇಕೆಂದಿದ್ದರೆ ನೀವೇ ಮಾಡಿಕೊಳ್ಳಿ, ಯಾವ ಸಾಫ್ಟ್‌ವೇರೂ ಬೇಡ. ಮೊದಲು ಮುಖ್ಯ ಫೈಲ್‌ಗಳನ್ನು ಪೆನ್ ಡ್ರೈವಿಗೋ ಹೊರಗಿನ ಡಿಸ್ಕಿಗೋ ಹಾಕಿಕೊಳ್ಳಿ. ಸಿ ಡ್ರೈವಿನ ಚಿತ್ರದ ಮೇಲೆ ಬೀಗದ ಗುರುತಿದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಬಿದ್ದಿದೆ ಎಂದರ್ಥ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಇದು ತಾನಾಗಿಯೇ ಆಗಿರುವುದುಂಟು. ಆ ಖಾತೆಯ ಪುಟಕ್ಕೆ ಹೋಗಿ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿಟ್ಟರೆ ಪೆಟ್ಟಿಗೆಯೊಳಗೇ ಬೀಗದ ಕೈ ಇಟ್ಟು ಬೀಗ ಹಾಕಿದಂತೆ.

ಚಾರ್ಜರ್ ಸಿಕ್ಕಿಸಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಕೇಳುವುದು ಸಿಗೆ ಎಷ್ಟು ಉಳಿಯಬೇಕು ಎಂದಲ್ಲ, ಸಿಯಿಂದ ಎಷ್ಟು ಕಳೆಯಬೇಕು ಎಂದು, ಅದೂ ಎಂಬಿಯಲ್ಲಿ. ಬಹಳ ಜನ ಎಡವುವುದು ಇಲ್ಲೇ. 250 ಜಿಬಿಯ ಡಿ ಡ್ರೈವ್ ಬೇಕಿದ್ದರೆ 250 ಅನ್ನು 1024ರಿಂದ ಗುಣಿಸಿ 256000 ಎಂದು ಬರೆಯಿರಿ. ಶ್ರಿಂಕ್ ಒತ್ತಿದ ಮೇಲೆ ಕಪ್ಪು ಪಟ್ಟಿಯೊಂದಿಗೆ ಅನ್‌ಅಲೊಕೇಟೆಡ್ ಜಾಗ ಕಾಣಿಸುತ್ತದೆ. ಅದರ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಅಕ್ಷರ ಡಿ, ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್, ಅಲೊಕೇಶನ್ ಯೂನಿಟ್ ಡಿಫಾಲ್ಟ್, ಕ್ವಿಕ್ ಫಾರ್ಮ್ಯಾಟ್‌ಗೆ ಟಿಕ್. ಮುಗಿಯಿತು. ಪಕ್ಕದಲ್ಲಿ ಇಎಫ್ಐ, ರಿಕವರಿ ಎಂಬ ಸಣ್ಣ ಸಣ್ಣ ಭಾಗಗಳು ಕಾಣುತ್ತವೆ. ನೂರಿನ್ನೂರು ಎಂಬಿ ಸುಮ್ಮನೆ ಬಿದ್ದಿದೆ ಎಂದು ಅವನ್ನು ಅಳಿಸಲು ಹೋಗಬೇಡಿ. ಇಎಫ್ಐ ಹೋದರೆ ಲ್ಯಾಪ್‌ಟಾಪ್ ಏಳುವುದೇ ಇಲ್ಲ.

ಎಷ್ಟು ಕೊಡಬೇಕು? 512ರಲ್ಲಿ ಸಿಗೆ 200 ಜಿಬಿಗಿಂತ ಕಡಿಮೆ ಬೇಡ. ಒಂದು ಟಿಬಿ ಇದ್ದರೆ 250ರಿಂದ 300 ಕೊಡಿ. 256 ಜಿಬಿಯ ಡಿಸ್ಕಾದರೆ ಭಾಗ ಮಾಡಲೇಬೇಡಿ ಎನ್ನುವುದು ನಮ್ಮ ಸಲಹೆ. ಒಂದೆರಡು ವರ್ಷದಲ್ಲಿ ಸಿ ತುಂಬಿ ಡಿಯಲ್ಲಿ ಖಾಲಿ ಉಳಿಯುವ ಫಜೀತಿಗೆ ಅದು ದಾರಿ.

ಪ್ರಶ್ನೆ: ಸಿ ಡ್ರೈವಿನಲ್ಲಿ 300 ಜಿಬಿ ಖಾಲಿ ಇದೆ. ಶ್ರಿಂಕ್ ಮಾಡಲು ಹೋದರೆ ಬರೀ 18 ಜಿಬಿ ತೋರಿಸುತ್ತದೆ. ಏಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ವಿಂಡೋಸ್ ಡಿಸ್ಕನ್ನು ಬಲತುದಿಯಿಂದ ಕುಗ್ಗಿಸುತ್ತಾ ಬರುತ್ತದೆ. ದಾರಿಯಲ್ಲಿ ಅಲುಗಾಡಿಸಲಾಗದ ಫೈಲ್ ಒಂದು ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಅಡ್ಡ ನಿಲ್ಲುವುದು ಸಾಮಾನ್ಯವಾಗಿ ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವುದು), ಹೈಬರ್ನೇಶನ್ ಫೈಲ್ (ಯಂತ್ರ ಮಲಗುವಾಗ ತೆರೆದ ಕೆಲಸವನ್ನು ಬರೆದಿಡುವುದು) ಮತ್ತು ರಿಸ್ಟೋರ್ ಪಾಯಿಂಟ್‌ಗಳು (ಹಿಂದಿನ ಸ್ಥಿತಿಗೆ ಮರಳಲು ಇಟ್ಟುಕೊಂಡ ಪ್ರತಿಗಳು). ಯಾವುದು ಎಂದು ಊಹಿಸುತ್ತಾ ಕೂರಬೇಕಿಲ್ಲ: ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ವಿಭಾಗದಲ್ಲಿ 259ನೇ ಸಂಖ್ಯೆಯ ಇವೆಂಟ್ ಹುಡುಕಿ. ಅಡ್ಡ ಬಂದ ಕೊನೆಯ ಫೈಲಿನ ಹೆಸರು ಅಲ್ಲೇ ಬರೆದಿರುತ್ತದೆ.

ಮೂರನ್ನೂ ತಾತ್ಕಾಲಿಕವಾಗಿ ತೆಗೆಯುವುದು ಹೀಗೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದು ಕೊಟ್ಟರೆ (ಪವರ್ ಪದದ ಹಿಂದೆಯೇ ಸಿ, ಎಫ್, ಜಿ ಸೇರಿಸಿ ಬರೆಯಬೇಕು) ಹೈಬರ್ನೇಶನ್ ಫೈಲ್ ಅಳಿಯುತ್ತದೆ. ಅಡ್ವಾನ್ಸ್ಡ್ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್, ಅಡ್ವಾನ್ಸ್ಡ್, ವರ್ಚುವಲ್ ಮೆಮೊರಿಗೆ ಹೋಗಿ ನೋ ಪೇಜಿಂಗ್ ಫೈಲ್ ಆರಿಸಿ ಸೆಟ್ ಒತ್ತಿ. ಸಿಸ್ಟಂ ಪ್ರೊಟೆಕ್ಷನ್‌ನಲ್ಲಿ ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿ ಅದನ್ನೂ ಆಫ್ ಮಾಡಿ. ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಪ್ರಯತ್ನಿಸಿ. ಕೆಲಸ ಆದ ಕೂಡಲೇ ಪೇಜ್‌ಫೈಲನ್ನು ಸಿಸ್ಟಂ ಮ್ಯಾನೇಜ್ಡ್ ಮಾಡಿ, ಸಿಸ್ಟಂ ಪ್ರೊಟೆಕ್ಷನ್ ಮತ್ತೆ ಆನ್ ಮಾಡಿ. ಪೇಜ್‌ಫೈಲ್ ಇಲ್ಲದೆ ಹಾಗೇ ಬಿಟ್ಟರೆ ರ‍್ಯಾಮ್ ತುಂಬಿದಾಗ ತೆರೆದಿದ್ದ ಪ್ರೋಗ್ರಾಮ್‌ಗಳು ಹೇಳದೆ ಕೇಳದೆ ಮುಚ್ಚಿಹೋಗುತ್ತವೆ. ಇಷ್ಟಾದರೂ ಬಗ್ಗದಿದ್ದರೆ, ಯಾವ ಫೈಲ್ ಎಲ್ಲಿದೆ ಎಂದು ಎನ್‌ಟಿಎಫ್‌ಎಸ್ ಬರೆದಿಟ್ಟುಕೊಳ್ಳುವ ಸ್ವಂತ ಪಟ್ಟಿಯೇ ಅಡ್ಡ ಕುಳಿತಿದೆ ಎಂದು ತಿಳಿಯಿರಿ. ಆಗ ಪೆನ್ ಡ್ರೈವಿನಿಂದ ಬೂಟ್ ಆಗುವ ಜಿಪಾರ್ಟೆಡ್ ಎಂಬ ಪಾರ್ಟಿಷನ್ ಸಾಧನ ಬೇಕಾಗುತ್ತದೆ. ಬಿಟ್‌ಲಾಕರ್ ಇದ್ದರೆ ಅದಕ್ಕೂ ಮೊದಲು ಪೂರ್ತಿ ಡಿಕ್ರಿಪ್ಟ್ ಮಾಡಿಕೊಳ್ಳಿ.

ಪ್ರಶ್ನೆ: ಕಚೇರಿ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಕೆಂಪಾಗಿದೆ, ಡಿಯಲ್ಲಿ ಬೇಕಾದಷ್ಟು ಜಾಗವಿದೆ. ಡಿಯನ್ನು ಶ್ರಿಂಕ್ ಮಾಡಿ 50 ಜಿಬಿ ತೆಗೆದೆ. ಆದರೆ ಸಿ ಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿಯೇ ಇದೆ, ಒತ್ತಲು ಬರುವುದಿಲ್ಲ.
— ಪಂಚಾಯಿತಿ ಸಿಬ್ಬಂದಿ, ಕೊಪ್ಪಳ ಜಿಲ್ಲೆ

ಉತ್ತರ: ಖಾಲಿ ಜಾಗ ಸಿಯ ಬಲಕ್ಕೆ ತಾಗಿಕೊಂಡಿದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ. ನೀವು ತೆಗೆದ 50 ಜಿಬಿ ಡಿಯ ಆಚೆ ಬದಿಯಲ್ಲಿದೆ, ನಡುವೆ ಡಿ ಗೋಡೆಯಾಗಿ ನಿಂತಿದೆ. ಡಿಯನ್ನೇ ಬಲಕ್ಕೆ ಸರಿಸಬೇಕು. ಅದನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ಮಾಡುವುದಿಲ್ಲ, ಜಿಪಾರ್ಟೆಡ್ ಮಾಡುತ್ತದೆ. ಆದರೆ ಸರಿಸುವುದೆಂದರೆ ಡಿಯಲ್ಲಿರುವ ಒಂದೊಂದು ಬೈಟನ್ನೂ ಎತ್ತಿ ಬೇರೆಡೆ ಬರೆಯುವುದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಡಿ ಪೂರ್ತಿ ಹಾಳಾಗಬಹುದು. ಡಿಯ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಯನ್ನು ಡಿಲೀಟ್ ಮಾಡಿ, ಸಿಯನ್ನು ಎಕ್ಸ್‌ಟೆಂಡ್ ಮಾಡಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡಿಕೊಳ್ಳುವುದು ಇದಕ್ಕಿಂತ ಸುರಕ್ಷಿತ, ಹಲವು ಸಲ ಬೇಗವೂ ಹೌದು. ಸಿ, ಡಿ ನಡುವೆ ರಿಕವರಿ ಪಾರ್ಟಿಷನ್ ಕುಳಿತಿದ್ದರೆ ಮಾತ್ರ ಜಿಪಾರ್ಟೆಡ್ ಇಲ್ಲದೆ ಗತ್ಯಂತರವಿಲ್ಲ.

ಇಷ್ಟೆಲ್ಲ ಸಾಹಸಕ್ಕೆ ಮುನ್ನ ಸಿಯಲ್ಲಿ ಏನು ತುಂಬಿದೆ ನೋಡಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್ ತೆರೆದರೆ ಲೆಕ್ಕ ಸಿಗುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ಕ್ಲೀನಪ್ ಸಿಸ್ಟಂ ಫೈಲ್ಸ್ ಒತ್ತಿದರೆ ಹಳೆಯ ಅಪ್‌ಡೇಟ್‌ಗಳೂ, ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಉಳಿಯುವ ಹಿಂದಿನ ವಿಂಡೋಸ್‌ನ ಪ್ರತಿಯೂ ಸಿಗುತ್ತವೆ. ಆ ಪ್ರತಿ ಒಂದೇ ಹತ್ತಿಪ್ಪತ್ತು ಜಿಬಿ ಇರುವುದುಂಟು. ಹೈಬರ್ನೇಶನ್ ಫೈಲ್ ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು ಜಾಗ ತಿನ್ನುತ್ತದೆ. ಆಮೇಲೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಡಿಗೆ ಕಳಿಸಿ: ಫೋಲ್ಡರಿನ ಪ್ರಾಪರ್ಟೀಸ್, ಲೊಕೇಶನ್, ಮೂವ್. ಮೊದಲೇ ಡಿಯಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿಟ್ಟುಕೊಂಡು ಅದನ್ನೇ ತೋರಿಸಬೇಕು. ಬರೀ ಡಿ ಡ್ರೈವನ್ನೇ ತೋರಿಸಿದರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಫೋಲ್ಡರ್ ಆಗಿಬಿಡುತ್ತದೆ, ಬಿಡಿಸಿಕೊಳ್ಳುವುದು ತಲೆನೋವು. ಈ ಕೆಲಸಗಳಿಂದಲೇ ನಿಮ್ಮ 50 ಜಿಬಿ ಸಿಕ್ಕರೂ ಆಶ್ಚರ್ಯವಿಲ್ಲ.

ಪ್ರಶ್ನೆ: ನಾಲ್ಕು ಪಾರ್ಟಿಷನ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಐದನೆಯದು ಮಾಡಲು ಹೋದರೆ ‘ಡೈನಮಿಕ್ ಡಿಸ್ಕ್’ ಆಗಿ ಬದಲಿಸಲೇ ಎಂದು ಕೇಳುತ್ತದೆ. ಯೆಸ್ ಒತ್ತಬಹುದೇ?
— ಓದುಗರು, ಶಿರಸಿ

ಉತ್ತರ: ಬೇಡವೇ ಬೇಡ. ನಿಮ್ಮದು ಎಂಬಿಆರ್ ಎಂಬ ಹಳೆಯ ಮಾದರಿಯ ಪಾರ್ಟಿಷನ್ ಪಟ್ಟಿ ಇರುವ ಡಿಸ್ಕ್, ಅದರಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳೇ ಮಿತಿ. ಡೈನಮಿಕ್‌ಗೆ ಬದಲಿಸುವುದು ಒಂದು ಕ್ಲಿಕ್ಕಿನ ಕೆಲಸ, ಹಿಂದಕ್ಕೆ ಬರಬೇಕಾದರೆ ವಿಂಡೋಸ್‌ನ ಸ್ವಂತ ಸಾಧನದಲ್ಲಿ ಎಲ್ಲ ವಾಲ್ಯೂಮ್‌ಗಳನ್ನೂ ಅಳಿಸಬೇಕು. ಇರುವ ನಾಲ್ಕರಲ್ಲಿ ನೀವೇ ಮಾಡಿದ, ಬೇಡವಾದ ಒಂದನ್ನು ಖಾಲಿ ಮಾಡಿ ಅಳಿಸಿ ಸಾಕು. ಈಗಿನ ಜಿಪಿಟಿ ಡಿಸ್ಕ್‌ಗಳಲ್ಲಿ ವಿಂಡೋಸ್ 128 ಪಾರ್ಟಿಷನ್‌ವರೆಗೆ ಬಿಡುತ್ತದೆ, ಈ ತಾಪತ್ರಯ ಇಲ್ಲ.

ಪ್ರಶ್ನೆ: ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ. ಫಾರ್ಮ್ಯಾಟ್ ಮಾಡಿಸಿದರೆ ಒಂದು ತಿಂಗಳು ಚೆನ್ನಾಗಿರುತ್ತದೆ, ಮತ್ತೆ ಅದೇ ಪಾಡು. ಹೊಸದು ಕೊಳ್ಳಲೇಬೇಕೇ?
— ಪ್ರೌಢಶಾಲಾ ಶಿಕ್ಷಕರು, ಸಿರುಗುಪ್ಪ

ಉತ್ತರ: ಪಾಠ ತಯಾರಿ, ಅಂಕಪಟ್ಟಿ, ಬ್ರೌಸರ್ ಇಷ್ಟಕ್ಕೇ ಆದರೆ ಕೊಳ್ಳಬೇಕಿಲ್ಲ, ಮೇಷ್ಟ್ರೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ನೋಡಿ. ಸಿಪಿಯು ಶೇ. 20ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ. 100ಕ್ಕೆ ಅಂಟಿಕೊಂಡಿದ್ದರೆ ರೋಗ ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್, ದೊಡ್ಡ ಫೈಲ್ ಒಂದನ್ನೇ ಸೆಕೆಂಡಿಗೆ ನೂರು ಎಂಬಿಯಂತೆ ಓದಬಲ್ಲದು. ಆದರೆ ವಿಂಡೋಸ್ ಏಳುವಾಗ ಬೇಕಾಗುವುದು ಸಾವಿರಾರು ಪುಟ್ಟ ಫೈಲ್‌ಗಳು, ತಟ್ಟೆಯ ಮೂಲೆ ಮೂಲೆಯಲ್ಲಿ. ತಟ್ಟೆಯನ್ನು ಓದುವ ಸೂಜಿ (ಹೆಡ್) ಅತ್ತಿತ್ತ ಓಡಾಡುವುದರಲ್ಲೇ ಹೊತ್ತು ಹೋಗಿ ವೇಗ ಸೆಕೆಂಡಿಗೆ ಒಂದೆರಡು ಎಂಬಿಗೆ ಇಳಿಯುತ್ತದೆ. 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಅದೇ ಡಿಸ್ಕಿನ ಪೇಜ್‌ಫೈಲಿಗೆ ಕೈ ಹಾಕುತ್ತದೆ, ಗಾಯದ ಮೇಲೆ ಬರೆ. ಫಾರ್ಮ್ಯಾಟ್ ಈ ಎರಡರಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಪ್ರೋಗ್ರಾಮ್‌ಗಳು ಮತ್ತೆ ಸೇರಿಕೊಳ್ಳುವವರೆಗೆ ಹಗುರವಾಗಿರುತ್ತದೆ, ಅಷ್ಟೆ.

ಬೇಕಾದ್ದು ಎರಡು. 2.5 ಇಂಚಿನ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ, 240 ಅಥವಾ 480 ಜಿಬಿಯದು. ಸೆಕೆಂಡಿಗೆ 500 ಎಂಬಿ ಓದುತ್ತದೆ, ಅದಕ್ಕಿಂತ ಮುಖ್ಯವಾಗಿ ಸಣ್ಣ ಫೈಲ್‌ಗಳಿಗೆ ಸೂಜಿಯ ಓಡಾಟವೇ ಇಲ್ಲ. ಅಂಗಡಿಯಲ್ಲಿ ಎನ್‌ವಿಎಂಇ ಕೊಡಲು ಬಂದರೆ ಬೇಡವೆನ್ನಿ, ಆ ಉದ್ದನೆಯ ಚಿಪ್ಪು ನಿಮ್ಮ ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರುವುದಿಲ್ಲ. ಎರಡನೆಯದು ಇನ್ನೊಂದು 4 ಜಿಬಿ ರ‍್ಯಾಮ್. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟ್ಸ್ ಯೂಸ್ಡ್ ಎದುರು ಎರಡರಲ್ಲಿ ಒಂದು ಎಂದಿದ್ದರೆ ಖಾಲಿ ಸ್ಲಾಟ್ ಇದೆ. ಆ ಕಾಲದ ಲ್ಯಾಪ್‌ಟಾಪ್‌ಗಳಿಗೆ ಹೆಚ್ಚಾಗಿ ಬೇಕಾಗುವುದು 204 ಪಿನ್ನಿನ, 1.35 ವೋಲ್ಟಿನ ಡಿಡಿಆರ್3ಎಲ್. ಡಿಡಿಆರ್4 ಕೂರುವುದೇ ಇಲ್ಲ, ಅದರ ಕಚ್ಚು ಬೇರೆ ಜಾಗದಲ್ಲಿದೆ. ಹಳೆಯ ರ‍್ಯಾಮನ್ನೇ ಬಿಚ್ಚಿ ಅದರ ಮೇಲಿನ ಚೀಟಿ ತೋರಿಸಿ ಕೊಂಡರೆ ತಪ್ಪುವ ಮಾತಿಲ್ಲ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು.

ಹಳೆಯ ಡಿಸ್ಕನ್ನು ಹಾಗೇ ಕ್ಲೋನ್ ಮಾಡಬೇಕೆಂದರೆ ಒಂದು ತೊಡಕಿದೆ: 480 ಜಿಬಿಯದು 500ಕ್ಕಿಂತ ಚಿಕ್ಕದು, ಕ್ಲೋನ್‌ಜಿಲ್ಲಾದಂಥ ನಕಲು ಸಾಧನಗಳು ತಕರಾರು ತೆಗೆಯುತ್ತವೆ. ಹೊಸದಾಗಿ ವಿಂಡೋಸ್ ಹಾಕುವುದೇ ಲೇಸು. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಬಿಚ್ಚಿದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿದರೆ ಫೈಲ್‌ಗಳನ್ನು ನಕಲು ಮಾಡಿಕೊಳ್ಳಬಹುದು, ಆಮೇಲೆ ಅದೇ ನಿಮ್ಮ ಬ್ಯಾಕಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ ಅಧಿಕೃತ. ಬ್ರೌಸರ್, ಲಿಬ್ರೆಆಫೀಸ್‌ನಲ್ಲೇ ಕೆಲಸ ಸಾಗುವುದಾದರೆ ಲಿನಕ್ಸ್ ಮಿಂಟ್ ಹಾಕಿ ನೋಡಿ, ಈ ಯಂತ್ರಕ್ಕೆ ಅದು ಭಾರವಲ್ಲ.

ಪ್ರಶ್ನೆ: ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ಡಿಯಲ್ಲಿದ್ದ ಮದುವೆ ಕಾರ್ಡು, ಕರಪತ್ರದ ಫೈಲ್‌ಗಳೆಲ್ಲ ಇವೆ, ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫೈಲ್ ಕೆಟ್ಟಿದೆಯೇ?
— ಡಿಟಿಪಿ ಕೇಂದ್ರದವರು, ಗದಗ

ಉತ್ತರ: ಫೈಲ್ ಕೆಟ್ಟಿಲ್ಲ, ಫಾಂಟ್ ಹೋಗಿದೆ. ನುಡಿ, ಬರಹದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಫೈಲಿನಲ್ಲಿರುವುದು ಬರೀ ಸಂಕೇತ, ಕನ್ನಡವಾಗಿ ತೋರಿಸುತ್ತಿದ್ದುದು ಫಾಂಟ್. ಆ ಫಾಂಟ್‌ಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿದ್ದುದರಿಂದ ಫಾರ್ಮ್ಯಾಟ್ ಜತೆ ಹೋದವು. ಅದೇ ಆವೃತ್ತಿಯ ನುಡಿಯನ್ನು ಮತ್ತೆ ಹಾಕಿ, ಅದೇ ಹೆಸರಿನ ಫಾಂಟ್ ಬಂದ ಕೂಡಲೇ ಅಕ್ಷರಗಳು ಸರಿಹೋಗುತ್ತವೆ. ಬೇರೆ ಕಡೆಯಿಂದ ತಂದು ಹಾಕಿದ ಫಾಂಟ್‌ಗಳಿದ್ದರೆ ಅವನ್ನೂ ಹುಡುಕಬೇಕು. ಇನ್ನು ಮುಂದೆ ಡಿಯಲ್ಲೇ ಫಾಂಟ್‌ಗಳ ಪ್ರತಿಯೊಂದನ್ನು ಇಟ್ಟಿರಿ. ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಬರುವುದಿಲ್ಲವಾದ್ದರಿಂದ ನೀವು ಈ ಫಾಂಟ್‌ಗಳನ್ನು ಬಿಡುವಂತಿಲ್ಲ. ಬರೀ ಪಠ್ಯವನ್ನು ಕಾಪಾಡಬೇಕಾದ ಫೈಲ್‌ಗಳನ್ನಾದರೂ ನುಡಿಯ ಪರಿವರ್ತಕದಲ್ಲಿ ಯುನಿಕೋಡಿಗೆ ಬದಲಿಸಿಡಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಪ್ರಶ್ನೆ: ಬೆಳಿಗ್ಗೆ ಸರಿಯಾಗಿ ಓಡುವ ಲ್ಯಾಪ್‌ಟಾಪ್ ಮಧ್ಯಾಹ್ನದ ಹೊತ್ತಿಗೆ ತೆವಳುತ್ತದೆ, ಫ್ಯಾನ್ ಸದ್ದು ಜೋರು. ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಎರಡೂ ಇವೆ.
— ಓದುಗರು, ರಾಯಚೂರು

ಉತ್ತರ: ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಸ್ಪೀಡ್ ಎಂಬ ಅಂಕಿ ನೋಡಿ. ಕೆಲಸದ ಹೊರೆ ಇದ್ದಾಗಲೂ ಅದು ಬೇಸ್ ಸ್ಪೀಡಿಗಿಂತ ಬಹಳ ಕೆಳಗಿದ್ದರೆ ಪ್ರೊಸೆಸರ್ ಬಿಸಿಗೆ ಹೆದರಿ ತಾನೇ ನಿಧಾನವಾಗುತ್ತಿದೆ. 95-100 ಡಿಗ್ರಿ ಮುಟ್ಟಿದರೆ ಅದು ಹಾಗೆ ಮಾಡಲೇಬೇಕು. ಕೆಳಗಿನ ಮುಚ್ಚಳ ತೆಗೆಸಿ, ಫ್ಯಾನಿನ ಎದುರಿನ ತಾಮ್ರ, ಅಲ್ಯೂಮಿನಿಯಂ ಜಾಲರಿಯಲ್ಲಿ ಗಟ್ಟಿಯಾದ ದೂಳಿನ ಪದರ ತೆಗೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಮೂರ್ನಾಲ್ಕು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ ಬದಲಿಸಲಿ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ. ಯಂತ್ರ ತಣ್ಣಗಿದ್ದೂ ವೇಗ ಅರ್ಧ ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜರ್ ಬದಲಿಸಿ ನೋಡಿ. ಮೂಲ ಚಾರ್ಜರಿನ ಗುರುತು ಸಿಗದಿದ್ದಾಗ ಕೆಲವು ಲ್ಯಾಪ್‌ಟಾಪ್‌ಗಳು ಬೇಕೆಂದೇ ವೇಗ ಇಳಿಸುತ್ತವೆ.

ಪ್ರಶ್ನೆ: ಎಸ್‌ಎಸ್‌ಡಿಯನ್ನು ವಾರಕ್ಕೊಮ್ಮೆ ಡಿಫ್ರ್ಯಾಗ್ (ಚದುರಿದ ಫೈಲ್ ತುಣುಕುಗಳ ಜೋಡಣೆ) ಮಾಡಬೇಕೇ? ರಿಜಿಸ್ಟ್ರಿ ಕ್ಲೀನರ್ ಹಾಕಲೇ?
— ಓದುಗರು, ಮೈಸೂರು

ಉತ್ತರ: ಎರಡೂ ಬೇಡ. ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ ಕೆಲಸವನ್ನು (ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಗಿದೆ ಎಂದು ಡಿಸ್ಕಿಗೆ ತಿಳಿಸುವುದು) ವಿಂಡೋಸ್ ತಾನೇ ವಾರಕ್ಕೊಮ್ಮೆ ಮಾಡಿಕೊಳ್ಳುತ್ತದೆ. ನೀವು ಶೇ. 10-15ರಷ್ಟು ಜಾಗ ಖಾಲಿ ಬಿಟ್ಟರೆ ಸಾಕು. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಹೈ ಇಂಪ್ಯಾಕ್ಟ್ ಎಂದಿರುವ, ದಿನಾ ಬಳಸದ ಪ್ರೋಗ್ರಾಮ್‌ಗಳನ್ನು ಡಿಸೇಬಲ್ ಮಾಡಿ. ವಾರಕ್ಕೊಮ್ಮೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ.

ಪ್ರಶ್ನೆ: ವಿಂಡೋಸ್ ಜತೆ ಉಬುಂಟು ಹಾಕಿದೆ. ವಿಂಡೋಸ್‌ಗೆ ಮರಳಿದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ. ಉಬುಂಟುವಿನಲ್ಲಿ ಡಿ ಡ್ರೈವಿಗೆ ಬರೆಯಲೂ ಆಗುತ್ತಿಲ್ಲ.
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಮಂಗಳೂರು

ಉತ್ತರ: ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ವೇಳೆ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ವೇಳೆ ಎಂದು ಓದುತ್ತದೆ. ನಡುವಿನ ಅಂತರ ಸರಿಯಾಗಿ 5 ಗಂಟೆ 30 ನಿಮಿಷ. ಉಬುಂಟುವಿನ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಲ್ಲಿ ಆರ್‌ಟಿಸಿಯನ್ನು, ಅಂದರೆ ಮದರ್‌ಬೋರ್ಡಿನ ಆ ಗಡಿಯಾರವನ್ನು, ಸ್ಥಳೀಯ ವೇಳೆಗೆ ಬದಲಿಸಿದರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ. ಎರಡನೆಯ ತೊಂದರೆಗೆ ಕಾರಣ ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್. ಅರೆನಿದ್ರೆಯಲ್ಲಿರುವ ವಿಂಡೋಸ್‌ನ ಡ್ರೈವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ. ಅದು ನಿಮ್ಮ ಫೈಲ್‌ಗಳ ರಕ್ಷಣೆಗೇ, ಒತ್ತಾಯದಿಂದ ಮೌಂಟ್ ಮಾಡಬೇಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದು ಒಮ್ಮೆ ಶಟ್‌ಡೌನ್ ಮಾಡಿ.

ಪ್ರಶ್ನೆ: ತಪ್ಪಿ ಡಿ ಮೇಲೆ ಡಿಲೀಟ್ ವಾಲ್ಯೂಮ್ ಒತ್ತಿಬಿಟ್ಟೆ. ಹತ್ತು ವರ್ಷದ ಫೋಟೊಗಳಿವೆ. ತಿರುಗುವ ಹಾರ್ಡ್ ಡಿಸ್ಕ್. ಹೊಸ ವಾಲ್ಯೂಮ್ ಮಾಡಿದರೆ ವಾಪಸ್ ಬರುತ್ತದೆಯೇ?
— ಓದುಗರು, ದಾವಣಗೆರೆ

ಉತ್ತರ: ಮಾಡಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಈಗ ಅಳಿದಿರುವುದು ಪಾರ್ಟಿಷನ್ ಪಟ್ಟಿಯಲ್ಲಿನ ಒಂದು ನಮೂದು ಮಾತ್ರ, ಫೋಟೊಗಳು ಇದ್ದಲ್ಲೇ ಇವೆ. ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿ ಅಳಿದ ಪಾರ್ಟಿಷನ್ ಹುಡುಕುವ ಉಚಿತ ಟೆಸ್ಟ್‌ಡಿಸ್ಕ್ ಓಡಿಸಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಕಾಷನ್ ಎಂದು ಹಳದಿ ತೋರಿಸಿದರೆ, ಕರೆಂಟ್ ಪೆಂಡಿಂಗ್ ಸೆಕ್ಟರ್ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ, ಅಥವಾ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ನೀವೇ ಮುಂದುವರಿಸದೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಡಿಸ್ಕ್ ಗಟ್ಟಿಯಾಗಿದ್ದರೆ ಟೆಸ್ಟ್‌ಡಿಸ್ಕ್‌ನಲ್ಲಿ ಅದನ್ನೇ, ಗಾತ್ರ ನೋಡಿ, ಆರಿಸಿ. ಪಟ್ಟಿಯ ಮಾದರಿ ಕೇಳಿದಾಗ ಎಂಬಿಆರ್ ಆದರೆ ಇಂಟೆಲ್, ಜಿಪಿಟಿ ಆದರೆ ಇಎಫ್ಐ ಜಿಪಿಟಿ. ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಡಿ ಪತ್ತೆಯಾದಾಗ ಅದರ ಮೇಲೆ ನಿಂತು ಪಿ ಕೀ ಒತ್ತಿದರೆ ಒಳಗಿನ ಫೈಲ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಫೋಲ್ಡರ್‌ಗಳ ಹೆಸರು ಕಂಡರೆ ಅಲ್ಲಿಂದಲೇ ಸಿ ಕೀಯಿಂದ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಟೆಸ್ಟ್‌ಡಿಸ್ಕ್‌ನ ರೈಟ್ (Write, ಬರೆ) ಆಯ್ಕೆ ಒತ್ತಿ ಪಾರ್ಟಿಷನ್ ಪಟ್ಟಿಯನ್ನು ಮರಳಿ ಬರೆಯುವುದು ನಕಲು ಕೈಸೇರಿದ ಮೇಲೆ.